ಪೆಟಿಗಿ ಬಂದ್ ಐತಿ

ನಾನಿರುವ ಮನೆಯ ಮೆಟ್ಟಿಲ ತುದಿಯಲ್ಲಿ, ತಾರಸಿಗೆ ಹೋಗುವ ಬಾಗಿಲಿನ ಪಕ್ಕ, ಒಂದು ಹಳೆಯ ಸ್ವಿಚ್‌ಬೋರ್ಡ್ ಇದೆ. ಅದರ ಕಪ್ಪು ಸ್ವಿಚ್ಚುಗಳಲ್ಲಿ ಒಂದಕ್ಕೆ ಮಾತ್ರ, ಗಾಯಕ್ಕೆ ಹಾಕುತ್ತಾರಲ್ಲ, ಅಂಥ ಬಿಳಿ ಪಟ್ಟಿ ಅಂಟಿಸಿದ್ದೇನೆ. ಮೊನ್ನೆ ಅದರ ಒಂದು ಮೂಲೆ ಮೇಲೆದ್ದಿತ್ತು. ಬೆರಳಿನಿಂದ ಒತ್ತಿದರೆ ಮತ್ತೆ ಏಳುತ್ತಿತ್ತು. ಕಲ್ಕತ್ತೆಯ ಬೇಸಿಗೆಯಲ್ಲಿ ಯಾವ ಅಂಟೂ ಹೆಚ್ಚು ದಿನ ಮಾತು ಕೇಳುವುದಿಲ್ಲ. ಹೊಸದನ್ನು ಹಚ್ಚೋಣವೆಂದು ಹಳೆಯ ಪಟ್ಟಿಯನ್ನು ಕಿತ್ತವಳು, ಅದನ್ನು ಎಸೆಯಲು ಮನಸ್ಸಾಗದೆ ಕೈಯಲ್ಲಿ ಹಿಡಿದುಕೊಂಡು ನಿಂತೆ. ಒಂದು ಅಂಟುಪಟ್ಟಿಯ ಬಗ್ಗೆ ಇಷ್ಟು ಯೋಚಿಸುವವಳನ್ನು ನೀವು ಏನೆನ್ನುತ್ತೀರೋ ಗೊತ್ತಿಲ್ಲ. ಆದರೆ ಈ ಪಟ್ಟಿ ಹಚ್ಚಿದ ಮೇಲೆ ನಮ್ಮಪ್ಪ ನನಗೆ ಫೋನ್ ಮಾಡುವುದನ್ನು ನಿಲ್ಲಿಸಿದ್ದರು. ಸಿಟ್ಟಿನಿಂದಲ್ಲ. ಅದನ್ನೇ ಹೇಳಬೇಕೆಂದಿದ್ದೇನೆ.

ಆ ಸ್ವಿಚ್ಚು ನನ್ನ ಸರ್ವರಿನದು. ಸರ್ವರ್ ಎಂದ ಕೂಡಲೇ ಏನೋ ದೊಡ್ಡದನ್ನು ಕಲ್ಪಿಸಿಕೊಳ್ಳಬೇಡಿ. ಎಂ.ಎಸ್ಸಿ. ಓದುವಾಗ ಕೊಂಡ ಲ್ಯಾಪ್‌ಟಾಪ್ ಅದು. ಪರದೆಗೆ ಮೂಲೆಯಿಂದ ಮೂಲೆಗೆ ಬಿರುಕು ಬಿದ್ದಿದೆ, ಒಂದು ಕಡೆಯ ಕೀಲು ಕಿತ್ತಿದೆ, ಊದಿಕೊಂಡ ಬ್ಯಾಟರಿಯನ್ನು ಅಂಗಡಿಯವನು ತೆಗೆದು ಬಿಸಾಕಿದ. ಕರೆಂಟ್ ಇದ್ದರೆ ಬದುಕು, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿ. ಅಂಥದನ್ನು ಮೆಟ್ಟಿಲ ತುದಿಯ ಗೂಡಿನಲ್ಲಿ, ಇಂಟರ್‌ನೆಟ್ ಡಬ್ಬಿಯ ಪಕ್ಕದಲ್ಲಿ ಕೂರಿಸಿ, ಮನೆಯವರ ಫೋಟೋಗಳನ್ನೂ ಕಾಗದಪತ್ರಗಳನ್ನೂ ಅದರಲ್ಲಿ ತುಂಬಿಸಿದ್ದೇನೆ. ಜಾದವ್‌ಪುರದಲ್ಲಿರುವ ಈ ಯಂತ್ರವನ್ನು ಧಾರವಾಡದಲ್ಲಿರುವ ಅಪ್ಪ, ಅವ್ವ ತಮ್ಮ ಫೋನಿನಲ್ಲಿ ತೆರೆದು ನೋಡಬಹುದು, ತಮ್ಮದನ್ನೂ ಅದರಲ್ಲಿ ಇಡಬಹುದು. ಬೇರೆ ಯಾರೂ ನೋಡಲಾರರು.

ಬೇರೆ ಯಾರೂ ನೋಡಲಾರರು ಎಂಬುದೇ ನನಗೆ ಮುಖ್ಯವಾದದ್ದು. ಫೋನಿನಲ್ಲಿ ಜಾಗ ತುಂಬಿತು, ತಿಂಗಳಿಗಿಷ್ಟು ಕೊಟ್ಟರೆ ನಿಮ್ಮ ನೆನಪುಗಳನ್ನು ನಾವು ಕಾಪಾಡುತ್ತೇವೆ ಎಂದು ಯಾವುದೋ ಕಂಪನಿ ಮತ್ತೆ ಮತ್ತೆ ಹೇಳತೊಡಗಿದಾಗ ನನಗೆ ಕಸಿವಿಸಿಯಾಯಿತು. ನನ್ನ ಸಾಮಾನು ನನ್ನ ಕೀಲಿಯ ಕೆಳಗಿರಬೇಕು. ಇದು ಹೈಸ್ಕೂಲಿಗೆ ಹಾಸ್ಟೆಲ್ ಸೇರಿದಾಗಿನ ಸ್ವಭಾವ. ಆಗ ನನಗೊಂದು ತಗಡಿನ ಟ್ರಂಕು ಕೊಡಿಸಿದ್ದರು. ಅಪ್ಪ ಅದನ್ನು ಪೆಟಿಗಿ ಎನ್ನುತ್ತಿದ್ದರು. ಉಳಿದ ಹುಡುಗಿಯರು ಟ್ರಂಕು ತೆರೆದಿಟ್ಟು ಚಕ್ಕುಲಿ ಹಂಚುತ್ತಿದ್ದರೆ ನಾನು ಚಕ್ಕುಲಿಯನ್ನು ಹೊರಗೆ ತೆಗೆದು, ಟ್ರಂಕಿಗೆ ಬೀಗ ಹಾಕಿ, ಆಮೇಲೆ ಹಂಚುತ್ತಿದ್ದೆ. ಒಳಗೆ ಬಚ್ಚಿಡುವಂಥದ್ದು ಏನೂ ಇರಲಿಲ್ಲ. ಎರಡು ಲಂಗ, ಕೊಬ್ಬರಿ ಎಣ್ಣೆ, ಒಂದು ಟವೆಲು, ಅಷ್ಟೆ.

ಅಂಥ ನಾನು ರಸಾಯನಶಾಸ್ತ್ರದ ಸಂಶೋಧನೆಗೆಂದು ಇಲ್ಲಿಗೆ ಬಂದವಳು, ಕಂಪ್ಯೂಟರಿನವಳಲ್ಲ. ಕಲಿತದ್ದೆಲ್ಲ ತಪ್ಪು ಮಾಡಿಯೇ. ನನ್ನ ಮೊದಲ ತಪ್ಪನ್ನು ನಮ್ಮ ಮನೆಯಲ್ಲಿ ಬೆಳೆದವರು ಮಾತ್ರ ಮಾಡಬಹುದು. ಎಲ್ಲ ಸಿದ್ಧವಾದ ಮೇಲೆ ಲ್ಯಾಪ್‌ಟಾಪನ್ನು ನೀಟಾಗಿ ಮುಚ್ಚಿ, ಧೂಳು ಕೂರಬಾರದೆಂದು ಮೇಲೊಂದು ಕಸೂತಿಯ ಬಟ್ಟೆ ಹೊದಿಸಿ, ಯೂನಿವರ್ಸಿಟಿಗೆ ಹೋದೆ. ಮುಚ್ಚಿದ ಕೂಡಲೇ ಅದು ನಿದ್ದೆ ಹೋಯಿತು. ಮುಚ್ಚಿದರೂ ಮಲಗದ ಹಾಗೆ ಅದಕ್ಕೆ ಹೇಳಿಕೊಟ್ಟೆ. ಆಗ ಬಟ್ಟೆಯ ಕೆಳಗೆ ಬೆವರಿ, ಬಿಸಿಯಾಗಿ, ತಾನಾಗಿಯೇ ಆರಿಹೋಯಿತು. ಕಾದ ಹಂಚಿನ ಹಾಗಿದ್ದ ಅದನ್ನು ಮುಟ್ಟಿ ನೋಡಿದಾಗಲೂ ಬಟ್ಟೆಯ ಮೇಲೆ ಅನುಮಾನ ಬರಲಿಲ್ಲ ನನಗೆ. ನಮ್ಮ ಮನೆಯಲ್ಲಿ ಟಿವಿಗೆ ಬಟ್ಟೆ, ಮಿಕ್ಸರಿಗೆ ಬಟ್ಟೆ, ಹೊಲಿಗೆ ಯಂತ್ರಕ್ಕೆ ಬಟ್ಟೆ. ಬಟ್ಟೆ ಹೊದಿಸಿದ್ದು ಕೆಡುತ್ತದೆಂದು ಯಾರು ನಂಬುತ್ತಾರೆ?

ಆಮೇಲಿನ ತಪ್ಪುಗಳು ಹೆಚ್ಚು ಕಲಿತವರ ತಪ್ಪುಗಳು. ಕಳ್ಳರು ಬರದಂತೆ ಯಂತ್ರದ ಬಾಗಿಲುಗಳನ್ನೆಲ್ಲ ಮುಚ್ಚುವ ಆಜ್ಞೆಯೊಂದಿದೆ. ನಾನು ದೂರದಿಂದ ಕೆಲಸ ಮಾಡಲು ಬಳಸುತ್ತಿದ್ದ ಬಾಗಿಲನ್ನು ಬಿಡಬೇಕೆಂದು ಮೊದಲು ಹೇಳಿ, ಆಮೇಲೆ ಉಳಿದವುಗಳನ್ನು ಮುಚ್ಚಬೇಕಿತ್ತು. ನಾನು ಮೊದಲು ಮುಚ್ಚಿದೆ. ಕೀಲಿ ಒಳಗಿಟ್ಟು ಬೀಗ ಜಡಿದವರಂತೆ ಹೊರಗೆ ಕುಳಿತೆ. ಕೊನೆಗೆ ಆ ಬಿರುಕು ಬಿಟ್ಟ ಪರದೆಯ ಮುಂದೆಯೇ ಕುಳಿತು, ಬಿರುಕಿನ ಎಡಕ್ಕೆ ಅರ್ಧ ಪದ, ಬಲಕ್ಕೆ ಅರ್ಧ ಪದ ಓದುತ್ತ ಸರಿಪಡಿಸಿದೆ. ಸರಿಯಾದಾಗ ಆದ ಸಂತೋಷವನ್ನು ಯಾರಿಗೂ ಹೇಳಲಿಲ್ಲ. ಎದ್ದು ಹೋಗಿ ಚಹಾ ಮಾಡಿಕೊಂಡೆ, ಅಷ್ಟೆ. ಸಂತೋಷವಾದಾಗ ನಾನು ಮಾಡುವುದು ಅಷ್ಟೇ. ಇದೂ ಅಪ್ಪನಿಂದ ಬಂದದ್ದು.

ಅಪ್ಪನ ಬಗ್ಗೆ ಹೇಳಬೇಕು. ಅವರು ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದರು. ಕಾಲುವೆ, ತೂಬು, ಸೇತುವೆ. ನಕ್ಷೆಯ ಕೆಳಗೆ ಬಲಮೂಲೆಯಲ್ಲಿ ಒಂದು ಚೌಕ ಇರುತ್ತದೆ. ಇದು ಯಾವುದರ ನಕ್ಷೆ, ಯಾವ ಅಳತೆ, ಯಾರು ಬರೆದದ್ದು ಎಂದು ಅದರಲ್ಲಿ ಬರೆಯಬೇಕು. ಆ ಚೌಕ ತುಂಬಿಸದ ನಕ್ಷೆಯನ್ನು ಅವರು ನಕ್ಷೆಯೆಂದೇ ಒಪ್ಪುತ್ತಿರಲಿಲ್ಲ. ಒಂದು ಗೆರೆ ಕೂದಲಷ್ಟು ಸರಿದರೂ ಇಡೀ ಹಾಳೆಯನ್ನು ಮತ್ತೆ ಬರೆಯುತ್ತಿದ್ದರಂತೆ. ನಿವೃತ್ತರಾದ ಮೇಲೆ ಆ ಚೌಕ ಮನೆಗೆ ಬಂತು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಅಚ್ಚಿನಂಥ ಅಕ್ಷರಗಳಲ್ಲಿ ಹೆಸರು ಬರೆದು ಹಚ್ಚಿದರು. "ನನಗೊಂದು ಹೆಸರು ಬರದು ಹಚ್ಚಿಲ್ಲ, ಅಷ್ಟ ಪುಣ್ಯ," ಎಂದು ಅವ್ವ ನಗುತ್ತಾಳೆ. ನನ್ನ ಟ್ರಂಕಿನ ಮೇಲೂ ಅವರೇ ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆದಿದ್ದರು. ಹಾಸ್ಟೆಲಿನಲ್ಲಿ ಎಲ್ಲರೂ ಅದನ್ನು ಅಂಗಡಿಯಲ್ಲಿ ಬರೆಸಿದ್ದೆಂದೇ ತಿಳಿದಿದ್ದರು.

ಬರೆಯುವುದರಲ್ಲಿ ಅಷ್ಟು ಧಾರಾಳಿಯಾದ ಮನುಷ್ಯನಿಗೆ ಮಾತು ಮಾತ್ರ ಬಾರದು. ನಮ್ಮಿಬ್ಬರ ಫೋನು ಹೇಗಿರುತ್ತಿತ್ತೆಂದು ಹೇಳಿದರೆ ನಿಮ್ಮಲ್ಲಿ ಕೆಲವರಿಗೆ ನಿಮ್ಮ ಮನೆಯದೇ ನೆನಪಾಗಬಹುದು. ಅವ್ವ ಬೀದಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸಿ, "ನಿಂದ್ರು, ನಿಮ್ಮಪ್ಪಗ ಕೊಡ್ತೀನಿ," ಎನ್ನುವಳು.

"ಹೂಂ," ಎನ್ನುವರು ಅಪ್ಪ.

"ಆರಾಮ ಇದ್ದೀರೇನ್ರಿ?"

"ಆರಾಮ. ನೀ?"

"ಆರಾಮ್ರಿ."

"ಊಟ?"

"ಆತ್ರಿ."

"ಛಲೋ. ತಗೋ, ಅವ್ವಗ ಕೊಡ್ತೀನಿ."

ಕೆಲಸವಿಲ್ಲದೆ ಫೋನ್ ಮಾಡುವುದು ನಮ್ಮಿಬ್ಬರಿಗೂ ಗೊತ್ತಿಲ್ಲ. ಸುಮ್ಮನೆ ಮಾಡಿದೆ ಎಂದು ಹೇಳಲು ನಾಚಿಕೆ. ನಾನೇ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಾಡಬಹುದಿತ್ತು. ಎಷ್ಟೋ ಸಲ ಅವರ ಹೆಸರನ್ನು ತೆರೆದು, ಏನು ಹೇಳಲಿ ಎಂದು ಯೋಚಿಸಿ, ಅವ್ವನ ಹೆಸರನ್ನು ಒತ್ತಿದ್ದೇನೆ. ಈ ಊರಲ್ಲಿ ನನ್ನ ದಿನವೆಲ್ಲ ಇಂಗ್ಲಿಷು, ಹಿಂದಿ, ಹರಕು ಬಂಗಾಳಿಯಲ್ಲಿ ಕಳೆಯುತ್ತದೆ. ಮನೆಯ ಮಾತು ಕಿವಿಗೆ ಬೀಳುವುದು ಫೋನಿನಲ್ಲಿ ಮಾತ್ರ. ಅದರಲ್ಲಿ ಅಪ್ಪನ ಪಾಲು ಊಟ, ಆರಾಮ ಇವೆರಡೇ ಎಂಬುದು ನನಗೆ ಒಳಗೊಳಗೇ ನೋಯುತ್ತಿತ್ತು.

ಕಳೆದ ವರ್ಷ ಬೇಸಿಗೆಯ ರಜೆಗೆ ಊರಿಗೆ ಹೋದಾಗ ಅಪ್ಪನ ಫೋನಿನಲ್ಲಿ ಸರ್ವರಿನ ಆ್ಯಪ್ ಹಾಕಿಕೊಟ್ಟೆ. "ಇದರಾಗ ಫೋಟೋ ಇಟ್ರ ಅದು ಕಲ್ಕತ್ತಾದಾಗ ನನ್ನ ಕಡೆ ಇರ್ತದ್ರಿ," ಎಂದೆ. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು.

"ಅಂದ್ರ ನಿನ್ನ ಪೆಟಿಗಿ," ಎಂದರು.

"ಹೌದ್ರಿ."

"ಕೀಲಿ?"

"ಒಂದು ನನ್ನ ಕಡೆ, ಒಂದು ನಿಮ್ಮ ಕಡೆ, ಒಂದು ಅವ್ವನ ಕಡೆ."

ಅಷ್ಟಕ್ಕೆ ಅವರಿಗೆ ಸಮಾಧಾನವಾಯಿತು. ಮರುದಿನದಿಂದಲೇ ಬೆಳಗಿನ ಚಹಾ ಆದ ಮೇಲೆ ಒಂದು ಫೋಟೋ ತೆಗೆದು ಇಡತೊಡಗಿದರು. ಫೋಟೋಗಳಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಆದರೆ ಪ್ರತಿಯೊಂದಕ್ಕೂ ಹೆಸರು. ನಮ್ಮ ಫೋಟೋಗಳಿಗೆಲ್ಲ ಫೋನು ತಾನೇ ಏನೋ ಅಂಕಿಗಳ ಹೆಸರಿಡುತ್ತದೆ, ನಾವು ನೋಡಿಯೂ ನೋಡುವುದಿಲ್ಲ. ಅಪ್ಪನಿಗೆ ಅದು ಖಾಲಿ ಬಿಟ್ಟ ಚೌಕದಂತೆ ಕಂಡಿರಬೇಕು. ಒಂದು ಬದನೆಕಾಯಿಯ ಫೋಟೋದ ಹೆಸರು 'ಕುಂಡದಾಗಿನ ಮೊದಲನೇ ಬದನಿಕಾಯಿ, ಇನ್ನೂ ಹರಿದಿಲ್ಲ'. ಖಾಲಿ ಕುರ್ಚಿಯೊಂದರ ಫೋಟೋ: 'ಅವ್ವ ಸಿಟ್ಟಾಗಿ ಒಳಗ ಹೋಗ್ಯಾಳ'. ಕಿಟಕಿಯ ಫೋಟೋ: 'ಮಳಿ ಬರೋ ಹಂಗ ಐತಿ, ಬರೂದಿಲ್ಲ'. ಪ್ರಯೋಗಾಲಯದಲ್ಲಿ ನಾನು ಅವನ್ನು ಓದಿ ಒಬ್ಬಳೇ ನಗುತ್ತಿದ್ದೆ.

ಇನ್ನು ಮಾಶಿಮಾ. ನನ್ನ ಮನೆಯೊಡತಿ; ಕೆಳಗಿನ ಅಂತಸ್ತಿನಲ್ಲಿ ಒಬ್ಬರೇ ಇದ್ದಾರೆ. ತಮಗಿಂತ ಚಿಕ್ಕ ಹೆಂಗಸರನ್ನೆಲ್ಲ 'ಮಾ' ಎಂದೇ ಕರೆಯುತ್ತಾರೆ. ಈಗ ಕಲ್ಕತ್ತೆಯಲ್ಲಿ ಕರೆಂಟ್ ಹೋಗುವುದು ಅಪರೂಪ. ನನ್ನ ಸರ್ವರಿನ ಕರೆಂಟ್ ಹೋಗುತ್ತಿದ್ದುದು ಮಾಶಿಮಾ ಅವರ ಬೆರಳಿನಿಂದ. ಬೇಳೆಯ ಬೊಡಿ, ಅಂದರೆ ನಮ್ಮ ಸಂಡಿಗೆಯಂಥದ್ದು, ಒಣಗಿಸಲು ದಿನವೂ ತಾರಸಿಗೆ ಬರುವರು. ಮೇಲೆ ಯಾರೂ ಇಲ್ಲ, ಗೂಡಿನಲ್ಲಿ ಹಸಿರು ದೀಪ ಮಿಣುಕುತ್ತಿದೆ. ಟಪ್ ಎಂದು ಆರಿಸುವರು. ದೂರದಲ್ಲಿ ಗುಡುಗಿದರೂ ಸಾಕು, ಮೆಟ್ಟಿಲೇರಿ ಬಂದು ಪ್ಲಗ್ಗನ್ನೇ ಕಿತ್ತಿಡುವರು.

"ಶೋನೋ ಮಾ, ಇಲ್ಲಿ ಕೇಳು," ಎಂದು ಒಂದು ಸಂಜೆ ನನ್ನನ್ನು ತಡೆದು ಹೇಳಿದರು. "ನೀನು ದೀಪ ಉರಿಸಿಟ್ಟು ಹೋಗ್ತೀಯ. ನಮ್ಮ ಕಾಲದಲ್ಲಿ ಕರೆಂಟ್ ಬಂತು ಅಂದರೆ ಇಡೀ ಪಾಡಾ, ಓಣಿಗೆ ಓಣಿಯೇ ಕೂಗುತ್ತಿತ್ತು. ನಿಮಗೆಲ್ಲ ಅದರ ಬೆಲೆ ಗೊತ್ತಿಲ್ಲ."

"ಅದು ದೀಪ ಅಲ್ಲ ಮಾಶಿಮಾ. ನಮ್ಮ ಮನೆಯವರು ಊರಿಂದ ಅದನ್ನು ನೋಡ್ತಾರೆ."

"ಏನು ನೋಡ್ತಾರೆ? ನನ್ನನ್ನಾ?"

"ಅಲ್ಲ, ಫೋಟೋಗಳನ್ನು."

"ಹಾಗಾದರೆ ನೀನು ಮನೆಯಲ್ಲಿದ್ದಾಗ ನೋಡಲಿ," ಎಂದು ಅವರು ಬೊಡಿಯ ತಟ್ಟೆ ಎತ್ತಿಕೊಂಡು ಇಳಿದುಹೋದರು.

ಅಪ್ಪನ ಮೊದಲ ಫೋನು ಬಂದದ್ದು ಮಳೆಗಾಲದಲ್ಲಿ, ನಾನು ಪ್ರಯೋಗಾಲಯದಲ್ಲಿದ್ದಾಗ. ಪರದೆಯ ಮೇಲೆ 'ಅಪ್ಪ' ಎಂದಿತ್ತು. ಅಪ್ಪ ತಾವಾಗಿ ಫೋನ್ ಮಾಡುವುದೆಂದರೆ ಮನೆಯಲ್ಲಿ ಏನೋ ಆಗಿರಬೇಕು. ಕೈಗವಸು ಕಿತ್ತೆಸೆದು ಹೊರಗೆ ಓಡಿದೆ.

"ಏನಾತ್ರಿ ಅಪ್ಪಾ? ಅವ್ವ ಆರಾಮ ಇದ್ದಾಳಿಲ್ಲೋ?"

"ಎಲ್ಲಾ ಆರಾಮ. ನಿನ್ನ ಪೆಟಿಗಿ ಬಂದ್ ಐತಿ."

ಆ ಸಂಜೆ ಮನೆಗೆ ಬಂದು, ಯಂತ್ರ ಹಚ್ಚಿ, ಅವರಿಗೆ ಫೋನ್ ಮಾಡಿದೆ. ಹಳೆಯ ಲ್ಯಾಪ್‌ಟಾಪ್ ಏಳಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಮೊದಲು ಫ್ಯಾನು ಗೊರಗುಟ್ಟುತ್ತದೆ, ಆಮೇಲೆ ಸುಮ್ಮನಾಗುತ್ತದೆ, ಸತ್ತೇಹೋಯಿತೇನೋ ಎನ್ನಿಸಿದ ಮೇಲೆ ಹಸಿರು ದೀಪ ಹತ್ತುತ್ತದೆ. ಫೋನ್ ಇಟ್ಟು ಮತ್ತೆ ಮಾಡುವುದೇಕೆಂದು ಇಬ್ಬರೂ ಹಾಗೆಯೇ ಹಿಡಿದುಕೊಂಡಿದ್ದೆವು.

"ಎದ್ದಿತೇನು?"

"ಇನ್ನಾ ಇಲ್ರಿ."

ಫ್ಯಾನು ಇನ್ನೂ ಗೊರಗುಟ್ಟುತ್ತಿತ್ತು. ಆಮೇಲೆ, "ಮತ್ತ... ಇವತ್ತು ಏನ್ ಅಡಗಿ ಮಾಡ್ಕೋತಿ?" ಎಂದರು ಅಪ್ಪ.

"ಏನೂ ಇಲ್ರಿ. ಚುರಮರಿ ತಿಂದು ಮಲಗ್ತೀನಿ. ಇಲ್ಲೆ ಎಲ್ಲಾರೂ ಅದನ್ನ ತಿಂತಾರ."

"ನಾನೂ ಹಂಗ," ಎಂದರು. "ಕಾಲಿವಿ ಕ್ಯಾಂಪಿನಾಗ ಮೊದಲನೇ ತಿಂಗಳು ಬರೇ ಅವಲಕ್ಕಿ. ಸ್ಟೋ ಹಚ್ಚಾಕ ಬರ್ತಿದ್ದಿಲ್ಲ. ಕೇಳಾಕ ನಾಚಿಕಿ."

ಅಪ್ಪ ಕ್ಯಾಂಪಿನಲ್ಲಿ ಅವಲಕ್ಕಿ ತಿಂದದ್ದು ನನಗೆ ಆವರೆಗೆ ಗೊತ್ತಿರಲಿಲ್ಲ. ಆ ಮಳೆಗಾಲದಲ್ಲಿ ಮಾಶಿಮಾ ಅವರ ಕೃಪೆಯಿಂದ ಪೆಟಿಗಿ ಮತ್ತೆ ಮತ್ತೆ ಬಂದ್ ಆಯಿತು. ಅದು ಏಳುವವರೆಗಿನ ಬಿಡುವಿನಲ್ಲಿ ಅಪ್ಪ ಸ್ವಲ್ಪ ಸ್ವಲ್ಪವಾಗಿ ಮಾತಾಡಿದರು. ನಾನು ಹುಟ್ಟಿದ ಸುದ್ದಿ ಕ್ಯಾಂಪಿಗೆ ಬಂದ ದಿನ ನಕ್ಷೆಯ ಚೌಕದಲ್ಲಿ ಬೇರೆ ಯಾವುದೋ ಕಾಲುವೆಯ ಹೆಸರು ಬರೆದುಬಿಟ್ಟರಂತೆ. ಸಾಹೇಬರು ಬೈದರಂತೆ.

"ಮಗಳು ಹುಟ್ಯಾಳ ಅಂತ ಹೇಳಬೇಕಿಲ್ಲೋ ನೀವು?" ಎಂದೆ.

"ಅವ್ರು ಕೇಳಲಿಲ್ಲ."

ನಾನು ಫೋನ್ ಹಿಡಿದುಕೊಂಡೇ ಬಹಳ ನಕ್ಕೆ. ಆಚೆಯಿಂದಲೂ ಹೂಂ ಹೂಂ ಎಂದು ಸದ್ದು ಬಂತು; ಅದು ಅಪ್ಪನ ನಗು. ಅಷ್ಟರಲ್ಲಿ ಹಸಿರು ದೀಪ ಹತ್ತಿತು. ನಾನೆಂಥವಳು ನೋಡಿ, ಹತ್ತಿದ ಕೂಡಲೇ ಹೇಳಿಬಿಟ್ಟೆ: "ಎದ್ದಿತ್ರಿ."

"ಛಲೋ ಆತು. ಇಡ್ತೀನಿ," ಎಂದು ಅಪ್ಪ ಇಟ್ಟರು.

ಮಾಶಿಮಾ ಅವರ ಬಗ್ಗೆ ದೂರು ಹೇಳಿದರೆ ಅಪ್ಪ ಅವರ ಪಕ್ಷವನ್ನೇ ವಹಿಸುತ್ತಿದ್ದರು. "ಸರಿ ಮಾಡ್ಯಾರ. ಮನ್ಯಾಗ ಯಾರೂ ಇಲ್ಲದಾಗ ಕರೆಂಟ್ ಯಾಕ ಚಾಲೂ ಇರಬೇಕು?" ನನಗೆ ಆಶ್ಚರ್ಯವಾಗಲಿಲ್ಲ. ನಾನು ಚಿಕ್ಕವಳಿದ್ದಾಗ ಊರಿಗೆ ಹೊರಟರೆ ನಾವೆಲ್ಲ ಆಟೋದಲ್ಲಿ ಕುಳಿತ ಮೇಲೂ ಅಪ್ಪ ಇಳಿದು ಹೋಗಿ, ಮೇನ್ ಸ್ವಿಚ್ ಬಂದ್ ಮಾಡಿದ್ದನ್ನು ಮುಟ್ಟಿ ನೋಡಿ ಬರುತ್ತಿದ್ದರು. ಎರಡು ಸಲ. ಬಸ್ಸು ತಪ್ಪಿದ್ದೂ ಉಂಟು. ಒಬ್ಬರಿಗೊಬ್ಬರ ಭಾಷೆ ತಿಳಿಯದ ಈ ಇಬ್ಬರು ಒಂದೇ ಮನೆಯಲ್ಲಿ ಹುಟ್ಟಬೇಕಾದವರು ಎಂದು ನನಗೆ ಅನ್ನಿಸುತ್ತಿತ್ತು.

ದುರ್ಗಾಪೂಜೆಯ ರಜೆಯಲ್ಲಿ ನಾನೊಂದು ಬುದ್ಧಿವಂತಿಕೆಯ ಕೆಲಸ ಮಾಡಿದೆ. ಕರೆಂಟ್ ಹೋದರೂ ಕೆಲಹೊತ್ತು ಯಂತ್ರವನ್ನು ಉಳಿಸುವ ಯುಪಿಎಸ್ ಒಂದನ್ನು ತಂದು ಕೂರಿಸಿದೆ. ಸ್ವಿಚ್ಚನ್ನು ಒತ್ತಿಟ್ಟು ಅದರ ಮೇಲೆ ಬಿಳಿ ಪಟ್ಟಿ ಹಚ್ಚಿದೆ. ಮಾಶಿಮಾ ಅವರನ್ನು ಕರೆತಂದು ತೋರಿಸಿ, ಇದನ್ನು ಆರಿಸಿದರೆ ಊರಲ್ಲಿ ಅಪ್ಪ ಗಾಬರಿಯಾಗುತ್ತಾರೆ ಎಂದೆ.

"ಇದನ್ನು ಮೊದಲೇ ಹೇಳಬೇಕಲ್ಲ ಮಾ," ಎಂದರು ಅವರು. "ಫೋಟೋ ಎಂದೆ ನೀನು. ಅಪ್ಪ ಎನ್ನಲಿಲ್ಲ." ಅಂದಿನಿಂದ ಆ ಸ್ವಿಚ್ಚಿನ ಹತ್ತಿರ ಬಂದಾಗ ಸೆರಗನ್ನೂ ಎಳೆದುಕೊಂಡು ನಡೆಯುತ್ತಿದ್ದರು.

ಪೆಟಿಗಿ ಮತ್ತೆ ಬಂದ್ ಆಗಲಿಲ್ಲ. ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡೆ. ದೀಪಾವಳಿ ಹೋಯಿತು, ಚಳಿಗಾಲ ಬಂದು ಬೀದಿಯಲ್ಲಿ ಹೊಸ ಬೆಲ್ಲದ ಮಿಠಾಯಿಯೂ ಬಂತು. ಅಪ್ಪನ ಫೋಟೋಗಳು ದಿನವೂ ಬರುತ್ತಿದ್ದವು, ಹೆಸರುಗಳೂ. ಫೋನು ಮಾತ್ರ ಬರಲಿಲ್ಲ. ಯಾಕೆಂದು ನನಗೆ ಹೊಳೆಯಲೇ ಇಲ್ಲ. ಅವರಿಗೆ ಬೇಸರ ಬಂದಿರಬೇಕು, ಅಥವಾ ಅವಲಕ್ಕಿಯ ಕಥೆಗಳೆಲ್ಲ ಮುಗಿದಿರಬೇಕು ಎಂದುಕೊಂಡೆ. ಅವ್ವ ಫೋನ್ ಕೊಟ್ಟಾಗ ಮತ್ತೆ ಅದೇ ಊಟ, ಅದೇ ಆರಾಮ.

ಕೊನೆಗೆ ಒಂದು ದಿನ ಅವ್ವ ಬೇರೇನೋ ಹೇಳುತ್ತ ನಡುವೆ ಹೇಳಿದಳು: "ನಿಮ್ಮಪ್ಪಂದು ಒಂದು ಹೊಸಾ ಚಟ ನೋಡು. ಮುಂಜಾನೆ ಎದ್ದ ಕೂಡಲೇ ಫೋನ್ ಹಿಡದು ನಿನ್ನ ಪೆಟಿಗಿ ತಗದು ನೋಡ್ತಾರ. 'ಚಾಲೂ ಐತಿ' ಅಂತಾರ, ಇಡ್ತಾರ. ಚಹಾ ಕುಡದು ಮತ್ತ ನೋಡ್ತಾರ. 'ಚಾಲೂನ ಐತಿ' ಅಂತಾರ, ಇಡ್ತಾರ. ಅದು ಬಂದ್ ಆಗೂದ ಇಲ್ಲೇನ್?"

"ಇಲ್ಲವ್ವಾ. ಈಗ ಗಟ್ಟಿ ಮಾಡೀನಿ," ಎಂದೆ. ಹೇಳಿದ ಮೇಲೆ ನನ್ನ ಮಾತೇ ನನಗೆ ಕೇಳಿಸಿತು.

ಅಂದಿನಿಂದ ಆ ಪಟ್ಟಿಯ ಮುಂದೆ ಎಷ್ಟೋ ಸಲ ನಿಂತಿದ್ದೇನೆ. ಮೂಲೆ ಹಿಡಿದು ಎಳೆದು, ಸ್ವಿಚ್ಚು ಆರಿಸಿ, ಯುಪಿಎಸ್ ಬರಿದಾಗಲು ಬಿಟ್ಟರೆ ಆಯಿತು, ಅಪ್ಪನ ಫೋನು ಬರುತ್ತದೆ. ಚೈತ್ರ ಮುಗಿಯುವ ಹೊತ್ತಿಗೆ, ಮೊದಲ ಕಾಲ್‌ಬೈಶಾಖಿ ಬಿರುಗಾಳಿ ಬೀಸಿ, ಪಾಡಾದ ಕಿಟಕಿಗಳೆಲ್ಲ ಬಡಿದುಕೊಂಡು, ತೆಂಗಿನ ಗರಿಗಳು ತಂತಿಗಳ ಮೇಲೆ ಬಿದ್ದ ಸಂಜೆ, ಇದೇ ಸಮಯ ಎಂದುಕೊಂಡು ಕೈ ಚಾಚಿದ್ದೆ. ಬಿರುಗಾಳಿಗೆ ಬಂದ್ ಆಯಿತೆಂದರೆ ಯಾರಾದರೂ ನಂಬುತ್ತಾರೆ. ಆದರೆ ನನ್ನಿಂದ ಆಗಲಿಲ್ಲ. ಅಪ್ಪ ಆಗಷ್ಟೇ ಇನ್ನೊಂದು ಫೋಟೋ ಇಡುತ್ತಿದ್ದು, ಅದು ಅರ್ಧಕ್ಕೆ ಮುರಿದರೆ? ಹೆಸರು ಬರೆದ ಮೇಲೆ ಹಾಳಾದ ನಕ್ಷೆಯ ಹಾಗೆ? ಮಾಶಿಮಾ ಕೆಳಗಿನಿಂದ ಕೂಗಿದರು: "ಮಾ, ನಿನ್ನ ಅಪ್ಪಂದು ಸರಿಯಾಗಿದೆಯಾ?" ಸರಿಯಾಗಿದೆ ಎಂದು ಕೂಗಿ, ಪಟ್ಟಿಯನ್ನು ಮತ್ತೆ ಒತ್ತಿ ಅಂಟಿಸಿ, ಒಳಗೆ ಹೋದೆ.

ಮೊನ್ನೆ ರಜೆಯ ದಿನ ಬೆಳಿಗ್ಗೆ, ಮೊದಲೇ ಹೇಳಿದೆನಲ್ಲ, ಆ ಹಳೆಯ ಪಟ್ಟಿ ಕಿತ್ತು ಹೊಸದಕ್ಕೆ ಕತ್ತರಿ ಹುಡುಕುತ್ತಿದ್ದೆ. ಸ್ವಿಚ್ಚು ಚಾಲೂ ಇತ್ತು. ಫ್ಯಾನು ಸಣ್ಣಗೆ ಸುತ್ತುತ್ತಿತ್ತು. ಚಹಾ ಕುಡಿಯುತ್ತ ಆಗತಾನೇ ಅಪ್ಪನ ಆ ದಿನದ ಫೋಟೋ ನೋಡಿದ್ದೆ: ಒಂದು ಭರಣಿ, ಹೆಸರು 'ಈ ವರ್ಷದ ಮಾವಿನಕಾಯಿ, ಉಪ್ಪು ಅವ್ವ ಹಾಕ್ಯಾಳ, ಹೆಚ್ಚಾಗೇತಿ'. ಕತ್ತರಿ ಸಿಗುವ ಮೊದಲು ಫೋನು ಬಂತು. ಪರದೆಯ ಮೇಲೆ 'ಅಪ್ಪ'.

"ಹೇಳ್ರಿ ಅಪ್ಪಾ."

"ಹೂಂ. ನಿನ್ನ ಪೆಟಿಗಿ ಬಂದ್ ಐತಲ್ಲ?"

ನಾನು ಗೂಡಿನ ಕಡೆ ನೋಡಿದೆ. ಹಸಿರು ದೀಪ ಮಿಣುಕುತ್ತಿತ್ತು.

"ಪರದಿ ಮ್ಯಾಲೆ ಏನ್ ಬರ್ತದ್ರಿ?" ಎಂದು ಕೇಳಿದೆ. ಅಭ್ಯಾಸಬಲ.

ಅಪ್ಪ ತಡವರಿಸಿದರು. ಒಂದು ಗೆರೆ ಕೂದಲಷ್ಟು ಸರಿದರೆ ಹಾಳೆಯನ್ನೇ ಮತ್ತೆ ಬರೆಯುತ್ತಿದ್ದವರು.

"ಏನೋ... ತಿರಗಾಕತ್ತೈತಿ," ಎಂದರು.

"ನಿಂದರ್ರಿ, ನೋಡ್ತೀನಿ." ಗೂಡಿನ ಮುಂದೆ ನಿಂತು, ಅವರಿಗೆ ಕೇಳಿಸಲೆಂದು ಮುಚ್ಚಳವನ್ನು ಒಮ್ಮೆ ಎತ್ತಿ ಇಳಿಸಿದೆ. "ಹೌದ್ರಿ ಅಪ್ಪಾ, ಬಂದ್ ಐತಿ. ಏಳಾಕ ಭಾಳ ಹೊತ್ತು ಹಿಡೀತದ."

"ಹಿಡೀಲಿ," ಎಂದರು ಅಪ್ಪ. "ನನಗೇನ್ ಅವಸರ ಇಲ್ಲ."

ನಾನು ಸ್ಟೂಲು ಎಳೆದುಕೊಂಡು ಕುಳಿತೆ.

"ಮತ್ತ," ಎಂದರು ಅವರು, "ನಿಮ್ಮಲ್ಲೆ ಮಳಿ ಆತೇನು?"